ಕೆಂಪು ಜೆರ್ಸಿಗಳ ನಡುವೆ ಒಂದು ನೀಲಿ ಜೆರ್ಸಿ

ಐಸ್ ಹಾಕಿಯಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಅಭಿಮಾನಿ ಅಂದ್ಮೇಲೆ ಒಮ್ಮೆಯಾದರೂ ಎದುರಾಳಿ ಕೆನೇಡಿಯನ್ಸ್ ತಂಡದ ಊರಾದ ಮಾಂಟ್ರಿಯಲ್‌ಗೆ ಹೋಗಿ ಬೈಸಿಕೊಂಡು ಬರಬೇಕು ಅಂತ ನನ್ನ ಆಫೀಸಿನವರು ಹೇಳ್ತಾನೇ ಇದ್ದರು. ಹೋದೆ. ಟೊರಾಂಟೊದ ಯೂನಿಯನ್ ಸ್ಟೇಷನ್‌ನಲ್ಲಿ ರೈಲು ಹತ್ತಿದರೆ ಐದು ಗಂಟೆ ಚಿಲ್ಲರೆ, ದಾರಿಯುದ್ದಕ್ಕೂ ಹಿಮ ಬಿಟ್ಟರೆ ಬೇರೇನಿಲ್ಲ. ಮಾಂಟ್ರಿಯಲ್‌ನಲ್ಲಿ ಇಳಿದ ಮೇಲೆ ಕೆನೇಡಿಯನ್ಸ್ ಆಡುವ ಬೆಲ್ ಸೆಂಟರ್‌ವರೆಗೆ ನೆಲದಡಿಯ ದಾರಿಯಲ್ಲೇ ನಡೆದು ಹೋಗಬಹುದು. ಹೊರಗೆ ಮೈ ಕೊರೆಯುವ ಚಳಿ ಇದ್ದಾಗ ಅದೇ ದೊಡ್ಡ ಉಪಕಾರ.

ಆದರೂ ಪ್ರತಿಮೆಗಳನ್ನು ನೋಡೋಕೆ ಹೊರಗೆ ಬಂದೆ. ಕೆನೇಡಿಯನ್ಸ್‌ನ ಹಳೆಯ ದಿಗ್ಗಜ ಮಾರಿಸ್ ರಿಷಾರ್ ಪ್ರತಿಮೆ ಮುಂದೆ ಫೋಟೊ ತೆಗೆಸಿಕೊಳ್ಳುವವರ ಸಾಲು. 1955ರ ಮಾರ್ಚ್‌ನಲ್ಲಿ ಲೀಗ್‌ನವರು ಅವರನ್ನು ಸೀಸನ್‌ನ ಉಳಿದ ಆಟಗಳಿಂದ ಹೊರಗಿಟ್ಟರು ಅಂತ ಈ ಊರಲ್ಲಿ ದೊಂಬಿಯೇ ಆಗಿತ್ತು. ಫ್ರೆಂಚ್ ಮಾತಾಡುವ ನಮ್ಮ ಹುಡುಗನಿಗೆ ಇಂಗ್ಲಿಷ್‌ನವರು ಅನ್ಯಾಯ ಮಾಡಿದರು ಅನ್ನೋ ಸಿಟ್ಟು. ಅದು ಇನ್ನೂ ಪೂರ್ತಿ ಆರಿಲ್ಲ ಅಂತ ನನಗನಿಸಿತು.

ಒಳಗೆ ಸುಮಾರು 21,000 ಜನ. ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಆಟ ನೋಡಿದವನು ನಾನು, ಗದ್ದಲ ಹೊಸದಲ್ಲ. ಆದರೆ ಅಲ್ಲಿ ಸದ್ದು ಆಕಾಶಕ್ಕೆ ಹೋಗುತ್ತೆ, ಇಲ್ಲಿ ಛಾವಣಿಗೆ ಬಡಿದು ತಿರುಗಿ ನಮ್ಮ ತಲೆ ಮೇಲೇ ಬೀಳುತ್ತೆ! ನನ್ನ ಸೀಟು ತೀರಾ ಮೇಲೆ, ಮೆಟ್ಟಿಲು ಎಷ್ಟು ಕಡಿದು ಅಂದ್ರೆ ಪೂಟೀನ್ (ಚೀಸ್, ಗ್ರೇವಿ ಸುರಿದ ಆಲೂ ಫ್ರೈಸ್) ತಟ್ಟೆ ಹಿಡಿದು ಹತ್ತೋದೇ ಒಂದು ಸರ್ಕಸ್. (ಸಸ್ಯಾಹಾರಿಗಳು ಗ್ರೇವಿ ಯಾವುದರದ್ದು ಅಂತ ಕೇಳಿಯೇ ತಗೊಳ್ಳಿ.)

ಆದರೆ ಮೇಲಿನ ಸೀಟೇ ಒಳ್ಳೆಯದು. ಟಿವಿಯಲ್ಲಿ ಕ್ಯಾಮೆರಾ ಪಕ್ (ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ಹಿಂದೆಯೇ ಓಡುತ್ತೆ, ನಮ್ಮ ಕಣ್ಣೂ ಅಷ್ಟೇ. ಇಲ್ಲಿಂದ ಇಡೀ ಐಸ್ ಕಾಣುತ್ತೆ. ಪಕ್ ಇಲ್ಲದವರು ಏನು ಮಾಡ್ತಾರೆ ಅನ್ನೋದೇ ಅರ್ಧ ಆಟ. ಒಬ್ಬೊಬ್ಬ ಐಸ್ ಮೇಲೆ ಇರೋದು ಮುಕ್ಕಾಲು ನಿಮಿಷದ ಹಾಗೆ, ಅಷ್ಟರಲ್ಲೇ ಏದುಸಿರು ಬಂದಿರುತ್ತೆ. ಆಟ ನಡೀತಿದ್ದಂತೆಯೇ ಒಬ್ಬ ಅಡ್ಡಗೋಡೆ ಹಾರಿ ಬೆಂಚಿಗೆ, ಇನ್ನೊಬ್ಬ ಹಾರಿ ಐಸ್‌ಗೆ. ಯಾರೂ ವಿಸಿಲ್ ಊದಲ್ಲ. ಡಿಫೆಂಡರ್‌ಗಳಂತೂ ಹಿಂದಕ್ಕೆ ಸ್ಕೇಟ್ ಮಾಡುತ್ತಲೇ ಎದುರಿನವನ ವೇಗಕ್ಕೆ ಸರಿಸಾಟಿ. ಪಕ್ಕನ್ನು ಆಟಕ್ಕೆ ಮುಂಚೆ ಫ್ರೀಜ್ ಮಾಡಿಟ್ಟಿರುತ್ತಾರೆ, ಪುಟಿಯಬಾರದು ಅಂತ. ಕಲ್ಲಿನಂಥ ಆ ರಬ್ಬರ್ ಗೋಡೆಗೆ ಬಡಿದ ಸದ್ದು ಮೇಲಿನ ಸಾಲಿಗೂ ಕೇಳುತ್ತೆ.

ಮೂರನೇ, ಅಂದ್ರೆ ಕೊನೆಯ ಪೀರಿಯಡ್ ಮುಗಿಯಲು ಒಂದೆರಡು ನಿಮಿಷ ಇರುವಾಗ ನಾವು 2-1 ಮುಂದೆ. ಅವರು ಗೋಲಿಯನ್ನು (ಗೋಲ್‌ಕೀಪರ್) ಹೊರಗೆ ಕರೆದು ದಾಳಿಗೆ ಆರನೇ ಆಟಗಾರನನ್ನು ಇಳಿಸಿದರು. ಖಾಲಿ ಗೋಲ್ ಕಾಣ್ತಿದೆ, ನಮ್ಮವರು ಪಕ್ ಆಚೆ ತಳ್ಳೋಕಾಗದೆ ಒದ್ದಾಡ್ತಿದ್ದಾರೆ, ನಾನು ಸೀಟಿನ ಅಂಚಿನಲ್ಲಿ. ಆಮೇಲೆ ಅವರ ಗೋಲ್, 2-2! ಹಾರ್ನ್, ಕೆಂಪು ದೀಪ, ಹಿಂದಿನವರ ಬಿಯರ್ ನನ್ನ ಹೆಗಲ ಮೇಲೆ. ಇಡೀ ಸ್ಟೇಡಿಯಂ 'ಓಲೆ ಓಲೆ' ಹಾಡಲು ಶುರು.

ಪ್ಲೇಆಫ್ ಅಲ್ಲದ ಆಟಗಳಲ್ಲಿ ಓವರ್‌ಟೈಮ್ ಅಂದ್ರೆ, ಗೋಲಿಗಳನ್ನು ಬಿಟ್ಟು, ಮೂರು ಜನರಿಗೆ ಎದುರು ಮೂರು ಜನ. ಸೋತೆವು.

ಪಕ್ಕದ ಸೀಟಿನ ಹಿರಿಯರು ಆಟವಿಡೀ ನನ್ನನ್ನು ರೇಗಿಸಿದ್ದು ಸಾಲದೆ, "1967ರಲ್ಲಿ ನೀವು ಹುಟ್ಟಿದ್ದಿರಾ?" ಅಂತ ಕೇಳಿದರು. ಲೀಫ್ಸ್ ಕೊನೆಯ ಸಲ ಲೀಗ್‌ನ ಚಾಂಪಿಯನ್ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದ ವರ್ಷ ಅದು. "1993 ಏನು ನಿನ್ನೆನಾ ಸಾರ್?" ಅಂದೆ. ಅದು ಅವರ ಕೊನೆಯ ಕಪ್. ನಕ್ಕು ಕೈ ಕುಲುಕಿದರು. ಆಮೇಲೆ ನಿಮ್ಮ ಗೋಲಿ ಅಷ್ಟು ಮುಂದೆ ಬಂದದ್ದೇ ತಪ್ಪು ಅಂತ ಪಾಠ ಶುರು ಮಾಡಿದರು. ಅಲ್ಲ, ನಮ್ಮ ಡಿಫೆಂಡರ್ ಸುಸ್ತಾಗಿ ಬೆಂಚ್ ಕಡೆ ಹೊರಟದ್ದು ತಪ್ಪು, ಓವರ್‌ಟೈಮ್‌ನಲ್ಲಿ ಬದಿ ಬದಲಾಗಿ ನಮ್ಮ ಗೋಲ್‌ನಿಂದ ಬೆಂಚ್ ದೂರ ಆಗುತ್ತೆ ಅಲ್ವಾ ಅಂತ ನಾನು. ಮೆಟ್ರೊ ಬರುವವರೆಗೂ ಇಬ್ಬರೂ ಒಪ್ಪಲಿಲ್ಲ.