ಟ್ರ್ಯಾಕ್‌ಗೆ ಹೊರಡುವ ಮುನ್ನ ಬ್ರೇಕ್ ಫ್ಲೂಯಿಡ್ ಬದಲಿಸಿ

ರೇಸ್ ಟ್ರ್ಯಾಕ್‌ನಲ್ಲಿ ಕಾರು ಓಡಿಸಲು ದೊಡ್ಡ ಕ್ಯಾಲಿಪರ್‌ಗೆ (ಪ್ಯಾಡನ್ನು ಚಕ್ರದ ಡಿಸ್ಕ್‌ಗೆ ಒತ್ತುವ ಭಾಗ) ದುಡ್ಡು ಸುರಿಯುವ ಮೊದಲು ಫ್ಲೂಯಿಡ್ (ಪೆಡಲಿನ ಒತ್ತಡವನ್ನು ಅಲ್ಲಿಗೆ ಒಯ್ಯುವ ದ್ರವ), ಪ್ಯಾಡ್ ಕಡೆ ನೋಡಿ. ಡಾಟ್ 4 ಎಂಬ ದರ್ಜೆಯ ಹೊಸ ಫ್ಲೂಯಿಡ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ಗಾಳಿಯ ತೇವ ಹೀರಿಕೊಂಡ ಮೇಲೆ ಅದು 155ರ ಹತ್ತಿರಕ್ಕೂ ಇಳಿಯಬಹುದು. ಕುದಿಯಿತೋ, ಕ್ಯಾಲಿಪರ್ ಒಳಗೆ ಆವಿಯ ಗುಳ್ಳೆ. ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಪೆಡಲ್ ಗಟ್ಟಿಯಾಗೇ ಇದ್ದು ಹಿಡಿತ ಕಮ್ಮಿಯಾದರೆ ಕಾದು ಸೋತದ್ದು ಪ್ಯಾಡ್.

ಕುದಿಬಿಂದು 300 ದಾಟಿದ ರೇಸಿಂಗ್ ಫ್ಲೂಯಿಡ್ ಹಾಕಿ, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿ, ಅಂದರೆ ಹಳೆ ಫ್ಲೂಯಿಡನ್ನೂ ಗಾಳಿಯನ್ನೂ ಹೊರಗೆ ಬಿಡಿ. ಪಾರದರ್ಶಕ ಟ್ಯೂಬಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಯೂ ಕಾಣಬಾರದು. ಸಿಲಿಕೋನ್‌ನ ಡಾಟ್ 5 ಬೇಡವೇ ಬೇಡ, ಅದು ಇದರ ಜೊತೆ ಬೆರೆಯದು.

ಅಪ್ಪಟ ರೇಸ್ ಪ್ಯಾಡ್ ರಸ್ತೆಗೆ ಒಗ್ಗದು. ತಣ್ಣಗಿದ್ದಾಗ ಸರಿಯಾಗಿ ಕಚ್ಚುವುದಿಲ್ಲ. ಲ್ಯಾಪ್ ಮುಗಿಸಿ ಬಂದಾಗ ಬ್ರೇಕ್ ಕಾದಿರುತ್ತದೆ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ.