ಮೈಲುತುತ್ತದ ಹಸಿರು ಉರಿ, ಅಜ್ಜಿಯ ರೋಹಿಣಿ ನಕ್ಷತ್ರ

ಒಂಬತ್ತನೇ ಕ್ಲಾಸಿನ ಮಕ್ಕಳನ್ನ ನಕ್ಷತ್ರ ಅಂದ್ರೇನು ಅಂತ ಕೇಳಿದ್ರೆ "ಸ್ವಯಂಪ್ರಕಾಶ ಇರೋ ಆಕಾಶಕಾಯ" ಅಂತ ಒಂದೇ ಉಸಿರಿಗೆ ಹೇಳ್ತಾರೆ, ಸರೀನೇ, ಆದ್ರೆ ಅದರೊಳಗೆ ಹೈಡ್ರೋಜನ್ ಇದೆ ಹೀಲಿಯಂ ಇದೆ ಅಂತ ನಮಗೆ ಹೆಂಗೆ ಗೊತ್ತಾಯ್ತು ಅಂದ್ರೆ ಇಡೀ ಕ್ಲಾಸ್ ಸೈಲೆಂಟ್. ರಾಕೆಟ್ಟಲ್ಲಿ ಹೋಗಿ ತಂದಿರ್ಬೇಕು ಮಿಸ್ ಅಂತ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ. ಅಲ್ಲಿಂದ ನಮ್ಮ ಹತ್ರ ಬರೋದು ಬೆಳಕು, ಆ ಬೆಳಕನ್ನ ಬಿಡಿಸಿ ನೋಡೋದನ್ನ ಮಕ್ಕಳು ಕೈಯಾರೆ ಮಾಡದೇ ಇದ್ರೆ ಆ ಪಾಠ ಬರೀ ಬಾಯಿಪಾಠ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 1835ರಲ್ಲಿ ಫ್ರಾನ್ಸಿನ ಆಗಸ್ಟ್ ಕಾಮ್ಟೆ ಅನ್ನೋ ದೊಡ್ಡ ತತ್ವಜ್ಞಾನಿನೇ ನಕ್ಷತ್ರಗಳು ಯಾವುದರಿಂದ ಆಗಿವೆ ಅಂತ ಮನುಷ್ಯರಿಗೆ ಯಾವತ್ತೂ ಗೊತ್ತಾಗಲ್ಲ ಅಂತ ಬರೆದಿದ್ರು. 1859ಕ್ಕೆ ಜರ್ಮನಿಯಲ್ಲಿ ಕಿರ್ಚಾಫ್ ಮತ್ತು ಬುನ್ಸೆನ್ ದಾರಿ ಕಂಡುಹಿಡಿದುಬಿಟ್ರು, ಅದೂ ಒಂದು ಉರಿ ಮತ್ತೆ ಒಂದು ಪ್ರಿಸಂ ಇಟ್ಕೊಂಡು.

ಅದಕ್ಕೇ ನಾನು ಉರಿಯಿಂದಲೇ ಶುರು ಮಾಡೋದು. ಲ್ಯಾಬಿನ ಕಿಟಕಿ ಎಲ್ಲಾ ತೆಗೆದು, ಸ್ಪಿರಿಟ್ ಲ್ಯಾಂಪ್ ಹಚ್ಚಿ, ತಂತಿ ತುದಿಗೆ ಚೂರು ಅಡುಗೆ ಉಪ್ಪು ಅಂಟಿಸಿ ಹಿಡಿದ್ರೆ ಉರಿ ಗಾಢ ಹಳದಿ ಆಗುತ್ತೆ. ಸಾರು ಉಕ್ಕಿ ಗ್ಯಾಸ್ ಮೇಲೆ ಬಿದ್ದಾಗ್ಲೂ ಹಿಂಗೇ ಆಗುತ್ತಲ್ಲ ಮಿಸ್ ಅಂತ ಒಬ್ಬಳು ಅಂದ್ಲು, ಹೌದು, ಅದೂ ಉಪ್ಪಿನ ಸೋಡಿಯಂ ಕೆಲಸವೇ. ಆಮೇಲೆ ಮೈಲುತುತ್ತ, ಅಂದ್ರೆ ಕಾಪರ್ ಸಲ್ಫೇಟ್. ನಮ್ಮದು ಮಲೆನಾಡು, ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೆಯೋ ಎಲ್ಲರ ಮನೇಲೂ ಮೈಲುತುತ್ತ ಮತ್ತೆ ಸುಣ್ಣ ಇದ್ದೇ ಇರುತ್ತೆ. ಮೈಲುತುತ್ತದ ಹರಳಿನ ಪುಡಿ ಉರಿಗೆ ತಾಗಿದ ಕೂಡ್ಲೇ ಹಸಿರು ಬಣ್ಣ ಏಳುತ್ತೆ, ಅದು ತಾಮ್ರ. ಸುಣ್ಣಕ್ಕೆ ಒಂದೆರಡು ಹನಿ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಹಿಡಿದ್ರೆ ಇಟ್ಟಿಗೆ ಕೆಂಪು, ಅದು ಕ್ಯಾಲ್ಸಿಯಂ. ಮೈಲುತುತ್ತ ವಿಷ, ಆಸಿಡ್ಡೂ ಹುಡುಗಾಟ ಅಲ್ಲ, ಹಾಗಾಗಿ ಇದನ್ನ ನಾನೇ ಮಾಡ್ತೀನಿ, ಮಕ್ಕಳು ದೂರ ನಿಂತು ನೋಡ್ತಾರೆ. ದೀಪಾವಳಿ ಪಟಾಕಿಯ ಕೆಂಪು ಸ್ಟ್ರಾನ್ಷಿಯಂದು, ಹಸಿರು ಬೇರಿಯಂದು ಅಂತ ಹೇಳಿದ ಮೇಲಂತೂ ಒಂದೊಂದು ಮೂಲವಸ್ತುವಿಗೂ ಒಂದೊಂದು ಬಣ್ಣದ ಗುರುತು ಇದೆ ಅನ್ನೋದನ್ನ ಬೋರ್ಡಲ್ಲಿ ಬರೆಯೋದೇ ಬೇಕಾಗಲ್ಲ.

ಆಮೇಲೆ ಬೆಳಕನ್ನ ಬಿಡಿಸಿ ನೋಡೋ ಡಿವಿಡಿ ಕೆಲಸ, ಇದು ಮಕ್ಕಳದ್ದೇ. ಹಳೇ ಡಿವಿಡಿಯನ್ನ ಕತ್ತರಿಸಿ ಎರಡು ಪದರ ಬಿಡಿಸಿದ್ರೆ ಒಂದು ಪದರ ಪಾರದರ್ಶಕವಾಗಿ ಸಿಗುತ್ತೆ, ಅದರಲ್ಲಿ ಒಂದು ಮಿಲಿಮೀಟರಿಗೆ ಹತ್ರತ್ರ 1350 ಗೆರೆ ಇರ್ತವೆ, ಸಿಡಿಯಲ್ಲಾದ್ರೆ 625 ಅಷ್ಟೇ, ಅದಕ್ಕೇ ಡಿವಿಡಿಯಲ್ಲಿ ಬಣ್ಣಗಳು ಇನ್ನೂ ಚೆನ್ನಾಗಿ ಬಿಡಿಬಿಡಿಯಾಗಿ ಹರಡ್ತವೆ. ಊದುಬತ್ತಿ ಡಬ್ಬಿಯ ಒಂದು ತುದಿಗೆ ಡಿವಿಡಿ ಚೂರು, ಇನ್ನೊಂದು ತುದಿಗೆ ಕೂದಲೆಳೆಯಷ್ಟು ಸಣ್ಣ ಸೀಳು. ಸೀಳಿಗೆ ಬ್ಲೇಡ್ ಅಂಟಿಸೋದು ಮಾತ್ರ ನಾನು. ಇದರಲ್ಲಿ ಎಲ್ಇಡಿ ಬಲ್ಬ್ ನೋಡಿದ್ರೆ ಬಣ್ಣಗಳು ಒಂದಕ್ಕೊಂದು ಸೇರ್ಕೊಂಡು ಕಾಣ್ತವೆ, ಸಿಎಫ್ಎಲ್ ನೋಡಿದ್ರೆ ನೀಲಿ, ಹಸಿರು, ಕಿತ್ತಳೆ ಗೆರೆಗಳು ಬೇರೆಬೇರೆಯಾಗಿ ನಿಲ್ತವೆ, ಒಳಗಿರೋ ಪಾದರಸ ಆ ನೀಲಿ, ಹಸಿರು ಗೆರೆಗಳಲ್ಲಿ ತನ್ನ ಗುರುತು ಹೇಳ್ತಿರುತ್ತೆ.

ಸೂರ್ಯನ್ನ ನೇರ ನೋಡೋ ಹಾಗೇ ಇಲ್ಲ, ಡಬ್ಬಿ ಮೂಲಕವೂ ಇಲ್ಲ, ಇದನ್ನ ನಾನು ಗದರಿಸಿಯೇ ಹೇಳ್ತೀನಿ. ಬಿಸಿಲು ಬಿದ್ದ ಬಿಳಿ ಹಾಳೆ ನೋಡಿದ್ರೆ ಸಾಕು. ಸೀಳು ನಿಜವಾಗ್ಲೂ ಸಣ್ಣದಿದ್ದು ತಾಳ್ಮೆಯಿಂದ ನೋಡಿದ್ರೆ ಬಣ್ಣಗಳ ಮಧ್ಯೆ ಕೆಲವು ಕಪ್ಪು ಗೆರೆ ಸಿಗ್ತವೆ. 1814ರಲ್ಲಿ ಜರ್ಮನಿಯ ವಿಜ್ಞಾನಿ ಫ್ರೌನ್‌ಹೋಫರ್ ಇಂಥ 570ಕ್ಕೂ ಹೆಚ್ಚು ಗೆರೆ ಗುರುತು ಮಾಡಿದ್ರು. ಹಳದಿ ಜಾಗದ ಕಪ್ಪು ಗೆರೆ ಇದೆಯಲ್ಲ, ಅದು 589 ನ್ಯಾನೋಮೀಟರ್ ತರಂಗಾಂತರದಲ್ಲಿದೆ, ನಮ್ಮ ಉಪ್ಪಿನ ಉರಿಯ ಹಳದಿ ಇರೋದೂ ಸರಿಯಾಗಿ ಅದೇ ಜಾಗದಲ್ಲಿ! ಸೂರ್ಯನ ಹೊರಪದರದ ಸೋಡಿಯಂ ಒಳಗಿಂದ ಬರೋ ಬೆಳಕಲ್ಲಿ ಆ ಬಣ್ಣವನ್ನ ಹೀರ್ಕೊಳ್ಳುತ್ತೆ, ಅದಕ್ಕೆ ಅಲ್ಲಿ ಕಪ್ಪು. ಅಂದ್ರೆ ಅಡುಗೆಮನೆ ಉಪ್ಪಿನ ಡಬ್ಬಿಯಲ್ಲಿರೋದೇ ಸೂರ್ಯನಲ್ಲೂ ಇದೆ, ಮತ್ತೆ ಅದನ್ನ ಇಲ್ಲೇ ಬೆಂಚ್ ಮೇಲೆ ಕೂತು ಕಂಡುಹಿಡಿಯಬಹುದು, ಇದು ತಲೆಗೆ ಹೊಳೆದಾಗ ಮಕ್ಕಳ ಮುಖ ನೋಡ್ಬೇಕು ನೀವು.

ಈ ಕಥೆಯಲ್ಲಿ ನಮ್ಮ ಕರ್ನಾಟಕದ ಜಮಖಂಡಿನೂ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ ಅಂತ ನನಗೆ ಬೇಜಾರು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣ ನೋಡೋಕೆ ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್‌ರ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಗೆ ಬಂದಿದ್ರು, ಮೋಡದ ಕಾಟದ ಮಧ್ಯೆಯೂ ಸೂರ್ಯನ ಅಂಚಿಂದ ಚಿಮ್ಮೋ ಜ್ವಾಲೆಯ ಬೆಳಕಲ್ಲಿ ಹೊಳೆಯೋ ಗೆರೆಗಳನ್ನ ಕಂಡ್ರು. ಅದೇ ದಿನ ಗುಂಟೂರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಕೂಡ ನೋಡ್ತಿದ್ರು. ಹಳದಿಯ ಒಂದು ಗೆರೆ ಸೋಡಿಯಂ ಗೆರೆಗೆ ತಾಳೆಯಾಗದೇ ಉಳಿದುಬಿಡ್ತು, ಅದೇ ಹೀಲಿಯಂ. ಭೂಮಿಯ ಮೇಲೆ ಅದು ರಸಾಯನ ವಿಜ್ಞಾನಿ ರಾಮ್ಸೆ ಕೈಗೆ ಸಿಕ್ಕಿದ್ದು 1895ರಲ್ಲಿ, ಮೊದಲು ಸೂರ್ಯನಲ್ಲಿ ಆಮೇಲೆ ಭೂಮಿಯಲ್ಲಿ. ನಮ್ಮ ದೇಶದ ವಿಜ್ಞಾನಿ ಮೇಘನಾದ ಸಹಾ 1920ರಲ್ಲಿ ಕೊಟ್ಟ, ನಕ್ಷತ್ರದ ಗೆರೆಗಳಿಗೂ ಅದರ ಬಿಸಿಗೂ ನಂಟು ತೋರಿಸೋ ಸಮೀಕರಣ ಬಳಸಿ ಸಿಸಿಲಿಯಾ ಪೇನ್ ಅನ್ನೋ ಹುಡುಗಿ 1925ರ ಪಿಎಚ್‌ಡಿಯಲ್ಲಿ ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಎಲ್ಲಕ್ಕಿಂತ ಹೆಚ್ಚು ಅಂತ ತೋರಿಸಿದ್ದನ್ನೂ ಹೇಳ್ತೀನಿ, ಹೆಣ್ಣುಮಕ್ಕಳು ಇದನ್ನ ಕೇಳ್ಲೇಬೇಕು.

ನಕ್ಷತ್ರಗಳ ದೂರದ ಪಾಠಕ್ಕೆ ಮನೆಯವರ ವಯಸ್ಸು ಬರ್ಕೊಂಡು ಬನ್ನಿ ಅಂತೀನಿ. ಬೆಳಕು ಒಂದು ವರ್ಷದಲ್ಲಿ ಹೋಗೋ ದೂರವೇ ಒಂದು ಜ್ಯೋತಿರ್ವರ್ಷ. ಶ್ರವಣ ನಕ್ಷತ್ರ ಸುಮಾರು 17 ಜ್ಯೋತಿರ್ವರ್ಷ ದೂರ, ಪಿಯುಸಿ ಓದೋ ಅಕ್ಕ ಹುಟ್ಟಿದಾಗ ಹೊರಟ ಬೆಳಕು ಈಗ ತಲುಪ್ತಿದೆ. ಅಭಿಜಿತ್ 25, ಸ್ವಾತಿ 37 ಇದು ಅಮ್ಮಂದಿರಿಗೆ ಸರಿಹೋಗುತ್ತೆ, ರೋಹಿಣಿ 65 ಅಜ್ಜಿಗೆ. ಒಬ್ಬ ಹುಡುಗ ರಾತ್ರಿ ಅಜ್ಜಿಯನ್ನ ಅಂಗಳಕ್ಕೆ ಕರ್ಕೊಂಡು ಬಂದು ರೋಹಿಣಿ ತೋರಿಸಿದ್ನಂತೆ, ಮಾರನೇ ದಿನ ಅಜ್ಜಿಯದೇ ಪ್ರಶ್ನೆ ಹೊತ್ಕೊಂಡು ಬಂದ, ರೋಹಿಣಿ ಮಳೆ ಟೈಮಲ್ಲಿ ರೋಹಿಣಿ ಯಾಕೆ ಕಾಣಲ್ಲ ಅಂತ. ಎಂಥಾ ಪ್ರಶ್ನೆ ನೋಡಿ! ಮರುದಿನವೇ 27 ನಕ್ಷತ್ರದ ಹೆಸರು ಬರೆದ ಕಾರ್ಡ್‌ಗಳನ್ನ ಹಾಲಿನ ಸುತ್ತ ಗೋಡೆಗೆ ಅಂಟಿಸಿ, ಮಧ್ಯೆ ಒಬ್ಬಳನ್ನ ಸೂರ್ಯ ಅಂತ ನಿಲ್ಲಿಸಿ, ಒಬ್ಬನನ್ನ ಭೂಮಿ ಮಾಡಿ ಸುತ್ತಿಸಿದೆ. ಸೂರ್ಯನ ಹಿಂದೆ ಯಾವ ಕಾರ್ಡ್ ಬರುತ್ತೋ ಅದೇ ಆಗಿನ ಮಳೆ ನಕ್ಷತ್ರ, ಅದು ಹಗಲಲ್ಲಿ ಸೂರ್ಯನ ಜೊತೆಗೇ ಇರುತ್ತೆ, ರಾತ್ರಿ ಎಲ್ಲಿಂದ ಕಾಣುತ್ತೆ? ಜೂನ್ ಕೊನೆಯ ಆರಿದ್ರಾ ಮಳೆಯಲ್ಲಿ ಮರೆಯಾಗಿರೋ ಆರ್ದ್ರೆ ಡಿಸೆಂಬರ್ ರಾತ್ರಿ ನೆತ್ತಿ ಕಡೆಗೆ ಬರೋದು ಇದರಿಂದಲೇ.

ಈ ಡಿಸೆಂಬರಿಗೆ ಪ್ಲಾನ್ ಏನಂದ್ರೆ ಮಕ್ಕಳನ್ನ ಸಂಜೆ ಕರೆಸಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಕೆಂಪು ಆರ್ದ್ರೆ ಮತ್ತೆ ನೀಲಿ ರೈಜಲ್ ಎರಡನ್ನೂ ತೋರಿಸೋದು, ಆರ್ದ್ರೆಯ ಬಿಸಿ ಸುಮಾರು 3500 ಕೆಲ್ವಿನ್, ರೈಜಲ್‌ದು 12,000, ಆದ್ರೆ ಇದನ್ನ ಹೇಳೋ ಮುಂಚೆ ಯಾವುದು ಜಾಸ್ತಿ ಬಿಸಿ ಅಂತ ಅವರೇ ಮೊದಲು ವಾದ ಮಾಡ್ಲಿ. ನಿಮ್ಮನೇಲಿ ಹಳೇ ಡಿವಿಡಿ ಇದ್ರೆ ದಯವಿಟ್ಟು ಎಸೀಬೇಡಿ, ಹತ್ರದ ಸ್ಕೂಲಿನ ವಿಜ್ಞಾನದ ಟೀಚರಿಗೆ ಕೊಡಿ, ಈಗ ಅಂಗಡಿಯಲ್ಲಿ ಹುಡುಕಿದ್ರೂ ಸಿಗೋದು ಕಷ್ಟ.