ಉಜ್ಜಿಹೋದ ಐಸಿಯ ಹೆಸರು

ಕಳೆದ ವಾರ ಅರಸೀಕೆರೆ ಕಡೆಯ ರೈತರೊಬ್ಬರು ಪಂಪ್‌ಸೆಟ್ ಸ್ಟಾರ್ಟರಿನೊಳಗಿನ ಬೋರ್ಡ್ ಒಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು. ಮೂರು ಫೇಸುಗಳಲ್ಲಿ ಒಂದು ತಪ್ಪಿದರೆ, ವೋಲ್ಟೇಜ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಬೋರ್ಡ್ ಅದು. ಕರೆಂಟ್ ಸರಿಯಾಗಿ ಬಂದರೂ ಮೋಟರ್ ಚಾಲು ಮಾಡಿಸುವ ಸ್ವಿಚ್ಚು, ಅಂದರೆ ರಿಲೇ, ಹಿಡಿಯುತ್ತಿರಲಿಲ್ಲ. "ನಾಲ್ಕು ದಿನವಾಯಿತು ಸ್ವಾಮಿ, ಅಡಿಕೆ ಸಸಿಗೆ ಒಂದು ಹನಿ ನೀರಿಲ್ಲ" ಎಂದರು. ಹೊಸ ಬೋರ್ಡ್ ತಯಾರಕರಲ್ಲೇ ಸಿಗುತ್ತಿಲ್ಲವಂತೆ.

ಬೋರ್ಡಿನ ನಡುವೆ ಎಂಟು ಕಾಲಿನ ಒಂದು ಐಸಿ, ಅಂದರೆ ಇಡೀ ಸರ್ಕ್ಯೂಟನ್ನೇ ಒಳಗಿಟ್ಟುಕೊಂಡ ಕಪ್ಪು ಚಿಪ್ಪು. ಮಲ್ಟಿಮೀಟರ್ ಇಟ್ಟು ನೋಡಿದರೆ ಅದರ ಒಂದನೇ ಕಾಲಿಗೂ ನಾಲ್ಕನೇ ಕಾಲಿಗೂ ನಡುವೆ ಮೂರು ಓಮ್, ಬಹುತೇಕ ಶಾರ್ಟ್. ಒಳಗೆ ಸುಟ್ಟಿದೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಬದಲಿಸೋಣವೆಂದರೆ ಮೇಲಿನ ಸಂಖ್ಯೆಯನ್ನು ತಯಾರಿಸಿದವರೇ ಮರಳು ಕಾಗದದಿಂದ ಉಜ್ಜಿ ಅಳಿಸಿದ್ದರು. ನಕಲು ಮಾಡುವವರಿಗೆ ತಿಳಿಯದಿರಲಿ ಎಂದು ಹೀಗೆ ಮಾಡುತ್ತಾರೆ. ಅದರಿಂದ ನಿಜವಾಗಿ ನಷ್ಟವಾಗುವುದು ನೀರಿಲ್ಲದೆ ಕುಳಿತ ತೋಟದವನಿಗೆ. ನನಗೆ ಇದು ಸಣ್ಣ ತಪ್ಪೆಂದು ಎಂದೂ ಅನ್ನಿಸಿಲ್ಲ.

ಮೊದಲು ಕಣ್ಣಿನ ಕೆಲಸ. ಸ್ಪಿರಿಟ್ ಹಾಕಿ ಒರೆಸಿ, ಟಾರ್ಚನ್ನು ಬೋರ್ಡಿಗೆ ಬಹುತೇಕ ತಾಗಿಸಿ ಅಡ್ಡಲಾಗಿ ಬೆಳಕು ಬಿಟ್ಟೆ. ಏನೂ ಕಾಣಲಿಲ್ಲ. ಗಲ್ಲಾ ಪಕ್ಕದ ದೇವರ ಪಟದ ಕೆಳಗೆ ವಿಭೂತಿ ಇರುತ್ತದೆ. ಚಿಟಿಕೆ ತೆಗೆದು ಐಸಿಯ ಬೆನ್ನಿಗೆ ಹಚ್ಚಿ ಬೆರಳ ತುದಿಯಿಂದ ಮೆಲ್ಲಗೆ ಒರೆಸಿದೆ. ಲೇಸರಿನಲ್ಲಿ ಕೊರೆದ ಅಕ್ಷರವಾದರೆ ಗೀರಿನೊಳಗೆ ಬಿಳಿ ಪುಡಿ ಉಳಿದುಕೊಳ್ಳುತ್ತದೆ. ಮರಳು ಕಾಗದದ ಗೀರುಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತಿದ್ದವು. ಅವುಗಳ ನಡುವೆ ಬಾಗಿದ ಗೆರೆಯೊಂದು ಬಿಳಿಯಾಗಿ ನಿಂತಿತು. ಭೂತಗನ್ನಡಿಯಲ್ಲಿ ನೋಡಿದರೆ ಅದು 3. ಅದರ ಮುಂದಿನದೆಲ್ಲ ಸವೆದುಹೋಗಿತ್ತು.

ಎಂಟು ಕಾಲು, ಮೊದಲ ಅಂಕಿ 3. ನಮ್ಮ ಕೆಲಸದಲ್ಲಿ ಇರುವವರಿಗೆ ತಟ್ಟನೆ ನೆನಪಾಗುವುದು 358, ಸಿಗ್ನಲ್ ಹಿಗ್ಗಿಸುವ ಆಪ್‌ಆಂಪ್ ಐಸಿ. ಡಬ್ಬಿಯಲ್ಲಿ ಹತ್ತಾರು ಬಿದ್ದಿವೆ. ಕೈ ಡಬ್ಬಿಯತ್ತ ಹೋಗಿಯೂ ಇತ್ತು. ಆದರೆ ಕಾಲುಗಳ ಜಾಡು ಹಿಡಿಯದೆ ಹೊಸ ಐಸಿ ಹಾಕುವುದಿಲ್ಲ ಎಂಬುದು ನಾನು ಕೆಲಸ ಕಲಿತಲ್ಲಿಂದ ಪಾಲಿಸಿದ ಕ್ರಮ.

ಬಿಳಿ ಹಾಳೆಯಲ್ಲಿ ಎಂಟು ಕಾಲಿನ ಚೌಕ ಬರೆದುಕೊಂಡು ಕುಳಿತೆ. ಕಚ್ಚು ಇರುವ ತುದಿ ಮೇಲೆ ಬರುವಂತೆ ಹಿಡಿದರೆ ಎಡಗಡೆಯ ಮೊದಲ ಕಾಲು ಒಂದು. ಅಲ್ಲಿಂದ ಕೆಳಗಿಳಿದು ಬಲಗಡೆ ಮೇಲೇರುತ್ತಾ ಎಣಿಸಬೇಕು. ಸುಟ್ಟ ಐಸಿಯನ್ನು ಬಿಚ್ಚಿಟ್ಟು, ದೊಡ್ಡ ಕೆಪಾಸಿಟರಿನ ಮೈನಸ್ ಕಡೆಗೆ ಮೀಟರಿನ ಕಪ್ಪು ಮೊನೆ ಇಟ್ಟು ಒಂದೊಂದೇ ಕಾಲಿನ ಜಾಗ ಮುಟ್ಟಿದಾಗ ನಾಲ್ಕನೆಯದು ಸದ್ದು ಮಾಡಿತು, ಅಂದರೆ ಅದು ಗ್ರೌಂಡ್. ಎಂಟನೆಯದು 7812 ರೆಗ್ಯುಲೇಟರಿನ ಮೂರನೇ ಕಾಲಿಗೆ, ಅಂದರೆ 12 ವೋಲ್ಟಿಗೆ ಸೇರಿತ್ತು. ಇಷ್ಟಕ್ಕೇ ಹಲವು ಐಸಿಗಳು ಪಟ್ಟಿಯಿಂದ ಹೊರಗೆ ಹೋದವು. ಟೈಮರ್ ಐಸಿ 555 ಆಗಿದ್ದರೆ ಗ್ರೌಂಡ್ ಒಂದನೇ ಕಾಲಿನಲ್ಲಿ ಇರಬೇಕಿತ್ತು. 24ಸಿ02 ಮೆಮೊರಿ ಐಸಿಗೂ ಗ್ರೌಂಡ್ ನಾಲ್ಕು, ಸಪ್ಲೈ ಎಂಟು. ಆದರೆ ಅದಕ್ಕೆ 12 ವೋಲ್ಟ್ ಕೊಟ್ಟರೆ ಬದುಕುವುದಿಲ್ಲ.

358ಕ್ಕೆ ಎಲ್ಲವೂ ಹೊಂದುತ್ತದೆ. ತೊಡಕು ಎಂದರೆ ಎರಡು ವೋಲ್ಟೇಜ್ ಹೋಲಿಸಿ ನೋಡುವ ಕಂಪ್ಯಾರೇಟರ್ ಐಸಿ 393ಕ್ಕೂ ಅಷ್ಟೇ ಹೊಂದುತ್ತದೆ. ಎರಡರ ಕಾಲುಗಳೂ ಒಂದೇ ಕ್ರಮದಲ್ಲಿವೆ: ಒಂದು ಮತ್ತು ಏಳು ಔಟ್‌ಪುಟ್, ಎರಡು ಮೂರು ಐದು ಆರು ಇನ್‌ಪುಟ್. ಅಣ್ಣತಮ್ಮಂದಿರಾದ ಹದಿನಾಲ್ಕು ಕಾಲಿನ 324 ಮತ್ತು 339ರಲ್ಲಿ ಸಪ್ಲೈ ಬೇರೆ ಬೇರೆ ಕಾಲಿನಲ್ಲಿರುವುದರಿಂದ ಅಲ್ಲಿ ಈ ಗೊಂದಲವಿಲ್ಲ. ಇಲ್ಲಿ ಹೆಸರಿನ ಮೊದಲ ಅಂಕಿಯೂ ಒಂದೇ, ಕಾಲುಗಳೂ ಒಂದೇ.

ಬೋರ್ಡನ್ನು ತಿರುಗಿಸಿ ತಾಮ್ರದ ಗೆರೆಗಳನ್ನು ನೋಡುತ್ತಾ ಹೋದೆ. ಎರಡು ಮತ್ತು ಐದನೇ ಕಾಲುಗಳು ಒಂದಾಗಿ ಫೇಸ್ ಅಳೆಯುವ ಭಾಗಕ್ಕೆ ಹೋಗಿದ್ದವು. ಮೂರು ಮತ್ತು ಆರು ಎರಡು ಪ್ರಿಸೆಟ್‌ಗಳ, ಅಂದರೆ ತಿರುಗಿಸಿ ಮಿತಿ ಹೊಂದಿಸುವ ಪುಟ್ಟ ರೆಸಿಸ್ಟರ್‌ಗಳ, ನಡುಗಾಲಿಗೆ. ಒಂದು ಪ್ರಿಸೆಟ್ ಮೇಲಿನ ಮಿತಿಗೆ, ಇನ್ನೊಂದು ಕೆಳಗಿನ ಮಿತಿಗೆ. ಆಮೇಲೆ ಕಂಡದ್ದು ಕಂದು-ಕಪ್ಪು-ಕಿತ್ತಳೆ ಬಣ್ಣದ ಒಂದು ರೆಸಿಸ್ಟರ್, ಹತ್ತು ಕಿಲೋ ಓಮ್. ಅದರ ಒಂದು ತುದಿ 12 ವೋಲ್ಟಿನಲ್ಲಿ. ಇನ್ನೊಂದು ತುದಿಯಲ್ಲಿ ಒಂದು ಮತ್ತು ಏಳನೇ ಕಾಲುಗಳು ಎರಡೂ ಒಟ್ಟಿಗೆ ಬೆಸೆದುಕೊಂಡಿದ್ದವು.

ಅಲ್ಲಿಗೆ ಹೆಸರು ಸಿಕ್ಕಿತು. 393ರ ಔಟ್‌ಪುಟ್ ಕೆಳಕ್ಕೆ ಎಳೆಯಬಲ್ಲದು, ಮೇಲಕ್ಕೆ ತಳ್ಳಲಾರದು. ಮೇಲೆತ್ತಲು ಹೊರಗಿನ ರೆಸಿಸ್ಟರ್ ಬೇಕು. ಹಾಗಾಗಿಯೇ ಅದರ ಎರಡು ಔಟ್‌ಪುಟ್‌ಗಳನ್ನು ಒಂದೇ ತಂತಿಗೆ ಕಟ್ಟಬಹುದು. 358ರ ಔಟ್‌ಪುಟ್ ಎರಡೂ ಕೆಲಸ ಮಾಡುತ್ತದೆ. ಅದನ್ನೇ ಇಲ್ಲಿ ಹಾಕಿದ್ದರೆ ವೋಲ್ಟೇಜ್ ಸರಿಯಿದ್ದಾಗ ಎರಡೂ ಔಟ್‌ಪುಟ್ ಮೇಲೇರಿ ರಿಲೇ ಹಿಡಿಯುತ್ತಿತ್ತು. ನಾನು ರಿಪೇರಿ ಆಯಿತೆಂದು ಕೊಟ್ಟು ಕಳಿಸುತ್ತಿದ್ದೆ. ಮುಂದೊಂದು ದಿನ ಫೇಸ್ ತಪ್ಪಿದಾಗ ಒಂದು ಔಟ್‌ಪುಟ್ ಮೇಲಕ್ಕೆ ತಳ್ಳಿ ಇನ್ನೊಂದು ಕೆಳಕ್ಕೆ ಎಳೆದು, ರಿಲೇ ಬಿಡದೆ ಉಳಿದಿದ್ದರೆ ಮೋಟರಿನ ವೈಂಡಿಂಗ್ ಸುಡುತ್ತಿತ್ತು. ಬೋರ್‌ವೆಲ್‌ನಿಂದ ಮೋಟರ್ ಎತ್ತಿಸುವ ಖರ್ಚು ಆ ಯಜಮಾನರ ಮುಖ ನೋಡಿದಾಗ ನನಗೆ ನೆನಪಾಯಿತು.

393 ಎಂಬ ಸಂಖ್ಯೆ ಗೊತ್ತಾದರೆ ಯಾವ ಕಂಪನಿಯದಾದರೂ ನಡೆಯುತ್ತದೆ. ಸಂಖ್ಯೆಗೆ ಮೊದಲು ಬರುವ ಎಲ್‌ಎಂ ಎಂಬ ಅಕ್ಷರಗಳು ನ್ಯಾಷನಲ್ ಸೆಮಿಕಂಡಕ್ಟರ್ ಕಾಲದ ಗುರುತು. ಆ ಕಂಪನಿಯನ್ನು 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡಿತು. ಅದೇ ಹೆಸರಿನಲ್ಲಿ ಬೇರೆಯವರೂ ತಯಾರಿಸುತ್ತಾರೆ. ಹೊಸದಾಗಿ ಕಲಿಯುವವರು ಐಸಿಯ ಮೇಲಿನ ಇನ್ನೊಂದು ಸಾಲನ್ನು ಹೆಸರೆಂದು ತಿಳಿದು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳುತ್ತಾ ಅಲೆಯುವುದನ್ನು ನೋಡಿದ್ದೇನೆ. 1423 ಎಂದಿದ್ದರೆ ಅದು ಸಾಮಾನ್ಯವಾಗಿ 2014ರ 23ನೇ ವಾರ ತಯಾರಾದದ್ದು ಎಂಬ ಗುರುತು, ಐಸಿಯ ಹೆಸರಲ್ಲ.

ಐಸಿ ಕೂರುವ ಸಾಕೆಟ್ಟು, ಅಂದರೆ ಐಸಿ ಬೇಸ್, ಬೆಸೆದು ಹೊಸ 393 ಕೂರಿಸಿದೆ. ನೇರವಾಗಿ 415 ವೋಲ್ಟಿಗೆ ಕೊಡದೆ, ಮೇಜಿನ ಮೇಲೆ 12 ವೋಲ್ಟ್ ಕೊಟ್ಟು, ಅಳತೆಯ ತಂತಿಗೆ ವೋಲ್ಟೇಜ್ ಏರಿಳಿಸುವ ಒಂದು ಪಾಟ್ ಕಟ್ಟಿ ತಿರುಗಿಸಿದೆ. ಕೆಳಗಿನ ಮಿತಿ ದಾಟಿದಾಗ ರಿಲೇ ಟಕ್ ಎಂದು ಹಿಡಿಯಿತು, ಮೇಲಿನ ಮಿತಿ ದಾಟಿದಾಗ ಬಿಟ್ಟಿತು. ಯಜಮಾನರು "ಇನ್ನೊಂದು ಸಲ ಮಾಡಿ" ಎಂದು ಮೂರು ಸಲ ಮಾಡಿಸಿ ಕೇಳಿದರು.

ನಾನು ಬರೆದುಕೊಂಡಿದ್ದ ಎಂಟು ಕಾಲಿನ ಚಿತ್ರವನ್ನು ಚಿಕ್ಕದಾಗಿ ಇನ್ನೊಮ್ಮೆ ಬರೆದು, ಮೇಲೆ ದಪ್ಪಗೆ 393 ಎಂದು ಗುರುತಿಸಿ, ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸಿಕೊಳ್ಳಿ ಎಂದು ಕೊಟ್ಟೆ. "ಇದು ಯಾಕೆ ಸ್ವಾಮಿ?" ಎಂದು ಕೇಳಿದರು. ಮುಂದೆ ಯಾರು ಬಿಚ್ಚಿದರೂ ವಿಭೂತಿ ಹುಡುಕುವುದು ಬೇಡ ಎಂದೆ. ಅವರು ಚೀಟಿಯನ್ನು ಮಡಚಿ, ಬೋರ್ಡಿನ ಜೊತೆಗೆ ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೊರಟರು.